ಇಪ್ಪತ್ತೈದು ಡಿಗ್ರಿಗೆ ಕಟ್ಟಿದ ದಾರ

ಬಸಂತರಾಯ ಗೌಡರಿಗೆ ಪಿಎಚ್ ಮೀಟರಿನ ಹುಚ್ಚು ಹಿಡಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಾನು ಎಷ್ಟು ಸಲ ಹೇಳಿದರೂ ಯಾರೂ ನಂಬಲಿಲ್ಲ.

ನನ್ನ ಹೆಸರು ಪಾಂಡುರಂಗ ಕುಲಕರ್ಣಿ. ಬಿಜಾಪುರ ಜಿಲ್ಲೆಯ ಇಂಡಿ ಪಟ್ಟಣದ ಒಂದು ಪಿಯು ಕಾಲೇಜಿನಲ್ಲಿ ಆಗ ಹದಿನೆಂಟು ವರ್ಷದಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಅಂದಾಜಿನ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. "ಸುಮಾರು ಇಷ್ಟಿರಬಹುದು ಸರ್" ಎಂದ ಹುಡುಗರ ಮೇಲೆ ಸೀಮೆಸುಣ್ಣ ಎಸೆದಿದ್ದೇನೆ. ನನ್ನ ತಾಯಿ ಭಾಗೀರಥೀಬಾಯಿ ಸಾರಿಗೆ ಉಪ್ಪು ಹಾಕುವಾಗ ಎಷ್ಟು ಗ್ರಾಂ ಎಂದು ಕೇಳಿ ಬೈಸಿಕೊಂಡಿದ್ದೇನೆ. ಇಂಥವನ ಕೈಗೆ ಗೌಡರ ಒಣದ್ರಾಕ್ಷಿ ಶೆಡ್ಡು ಸಿಕ್ಕಿದ್ದು ತೊಂಬತ್ತೊಂಬತ್ತರ ಮಾರ್ಚ್ ತಿಂಗಳಲ್ಲಿ.

ದ್ರಾಕ್ಷಿಯನ್ನು ಕಿತ್ತು ಹಾಗೆಯೇ ಹರವಿದರೆ ಅದು ಬೇಗ ಒಣಗುವುದಿಲ್ಲ. ಹಣ್ಣಿನ ಮೈಮೇಲೆ ಮೇಣದಂಥ ತೆಳ್ಳನೆಯ ಪೊರೆ ಇರುತ್ತದೆ. ಕಾರ್ಬೋನೇಟ್ ಪುಡಿ ಮತ್ತು ಒಂದು ಬಗೆಯ ಎಣ್ಣೆ ಕಲಸಿದ ನೀರಿನಲ್ಲಿ ಗೊಂಚಲನ್ನು ಅದ್ದಿ ತೆಗೆದರೆ ಆ ಪೊರೆ ಸಡಿಲವಾಗುತ್ತದೆ. ಆಮೇಲೆ ನೆರಳಿನ ಶೆಡ್ಡಿನಲ್ಲಿ, ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವಿದರೆ ಹದಿನೈದು ದಿನದಲ್ಲಿ ಹಸಿರು ಕಳೆಯ ಚಿನ್ನದ ಬಣ್ಣದ ಮಣೂಕ, ಅಂದರೆ ಒಣದ್ರಾಕ್ಷಿ, ತಯಾರಾಗುತ್ತದೆ. ಎಲ್ಲವೂ ಆ ನೀರಿನ ಕ್ಷಾರದ ಮೇಲೆ ನಿಂತಿದೆ. ಕಡಿಮೆಯಾದರೆ ಹಣ್ಣು ನಿಧಾನಕ್ಕೆ ಒಣಗಿ ಕಂದು ಹೊಡೆಯುತ್ತದೆ, ಹೆಚ್ಚಾದರೆ ಅಂಟಂಟಾಗುತ್ತದೆ. ಪಿಎಚ್ ಅಳತೆಯಲ್ಲಿ ಹೇಳುವುದಾದರೆ ಹನ್ನೊಂದು ಇರಬೇಕು.

ಗೌಡರ ಶೆಡ್ಡಿನಲ್ಲಿ ಈ ಹನ್ನೊಂದನ್ನು ಕಾಯುತ್ತಿದ್ದವಳು ರೇವವ್ವ. ಐವತ್ತೈದರ ಆಸುಪಾಸಿನ ಹೆಂಗಸು. ಹನ್ನೊಂದು ಹಂಗಾಮಿನಿಂದ ಅದ್ದುವ ಡ್ರಮ್ಮಿನ ಪಕ್ಕದ ಜಾಗ ಅವಳದೇ. ಎರಡು ಬೆರಳು ನೀರಿಗಿಟ್ಟು ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತಿದ್ದಳು. ಕ್ಷಾರ ಹೆಚ್ಚಿದಷ್ಟೂ ನೀರು ಸಾಬೂನಿನಂತೆ ಕೈಗೆ ಜಾರುತ್ತದೆ. "ಇನ್ನಾ ಜಾರವಲ್ತು, ಒಂದ ಬೊಗಸಿ ಹಾಕ್ರಿ" ಎಂದರೆ ಒಂದು ಬೊಗಸೆ ಪುಡಿ ಬೀಳುತ್ತಿತ್ತು. "ಸಾಕು" ಎಂದರೆ ಗೌಡರೂ ಕೈ ಹಿಂದೆಗೆಯುತ್ತಿದ್ದರು. ದ್ರಾಕ್ಷಿ ಕೀಳುವ, ಹರವುವ, ತೊಟ್ಟು ಬಿಡಿಸುವ ಇಪ್ಪತ್ತು ಹೆಂಗಸರಲ್ಲಿ ಗೌಡರ ಎದುರಿಗೆ ಕೂತು ಮಾತಾಡುತ್ತಿದ್ದವಳು ಅವಳೊಬ್ಬಳೇ. ಪಕ್ಕದ ತೋಟದವರೂ ಒಮ್ಮೊಮ್ಮೆ ಬೈಕ್ ಕಳಿಸಿ ಅವಳನ್ನು ಕರೆಸಿಕೊಳ್ಳುತ್ತಿದ್ದರು.

ಮಣ್ಣಿನ ಪರೀಕ್ಷೆಯ ಕಾಗದ ಓದಿಸಿಕೊಳ್ಳಲು ಕಾಲೇಜಿಗೆ ಬಂದಿದ್ದ ಗೌಡರಿಗೆ ನಾನು ಪ್ರಯೋಗಾಲಯದ ಮೀಟರ್ ತೋರಿಸಿದೆ. ನಿಂಬೆಹಣ್ಣಿನ ರಸದಲ್ಲಿ ಇಟ್ಟೆ, ಸುಣ್ಣದ ತಿಳಿಯಲ್ಲಿ ಇಟ್ಟೆ. ಅಂಕಿ ಓಡಿದ್ದನ್ನು ನೋಡಿ ಅವರ ಕಣ್ಣು ಅರಳಿತು.

"ಇದು ತಪ್ಪಂಗಿಲ್ಲೇನ್ರಿ ಮಾಸ್ತರ್ರ?"

"ಮಷೀನು ಸುಳ್ಳು ಹೇಳೂದಿಲ್ರಿ ಗೌಡ್ರ. ಮನಷ್ಯಾರು ಹೇಳ್ತಾರ" ಎಂದೆ. ಆ ಮಾತು ಎಷ್ಟು ಚೆನ್ನಾಗಿದೆ ಎಂದು ಆ ದಿನ ನನಗೇ ಅನ್ನಿಸಿತ್ತು.

ಗೌಡರು ಬಿಜಾಪುರದಿಂದ ಹೊಸ ಮೀಟರ್ ತರಿಸಿದರು. ಕೈಯಲ್ಲಿ ಹಿಡಿಯುವಂಥದು, ಬ್ಯಾಟರಿಯದು. ತಂತಿಯ ತುದಿಗೆ ಗಾಜಿನ ಕಡ್ಡಿ, ಮೈಮೇಲೆ ಎರಡು ಗುಂಡಿ. ಒಂದು ಗುಂಡಿ ಅಂಕಿಯನ್ನು ಸರಿಹೊಂದಿಸಲು, ಇನ್ನೊಂದು ಉಷ್ಣತೆಯನ್ನು ತಿಳಿಸಲು. ಗಾಜಿನ ಕಡ್ಡಿಯ ಸ್ವಭಾವ ಹೀಗಿದೆ: ನೀರು ಬಿಸಿಯಾದಷ್ಟೂ ಅದು ಅದೇ ಕ್ಷಾರಕ್ಕೆ ಹೆಚ್ಚು ವೋಲ್ಟೇಜ್ ಕೊಡುತ್ತದೆ. ನೀರು ಎಷ್ಟು ಬಿಸಿಯಿದೆ ಎಂದು ನಾವು ಗುಂಡಿ ತಿರುಗಿಸಿ ಹೇಳಿದರೆ ಮೀಟರು ಆ ಹೆಚ್ಚಳವನ್ನು ಕಳೆದು ತೋರಿಸುತ್ತದೆ. ಹೇಳದಿದ್ದರೆ ಅದನ್ನೂ ಕ್ಷಾರವೆಂದೇ ತಿಳಿಯುತ್ತದೆ. ಇದನ್ನು ನಾನು ಹದಿನೆಂಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ.

ಅದ್ದುವ ಕೆಲಸ ಶುರುವಾಗುವ ದಿನ ಮುಂಜಾನೆ ಎಂಟಕ್ಕೆ ಶೆಡ್ಡಿಗೆ ಹೋದೆ. ಪಿಎಚ್ ಗೊತ್ತಿರುವ ಎರಡು ದ್ರಾವಣಗಳ ಬಾಟಲಿ ಒಯ್ದಿದ್ದೆ, ಒಂದು ಏಳರದು, ಇನ್ನೊಂದು ಒಂಬತ್ತು ಪಾಯಿಂಟ್ ಎರಡರದು. ಥರ್ಮಾಮೀಟರ್ ಇಪ್ಪತ್ತೈದು ತೋರಿಸಿತು. ಗುಂಡಿಯನ್ನು ಇಪ್ಪತ್ತೈದಕ್ಕೆ ಇಟ್ಟು, ಎರಡೂ ಬಾಟಲಿಯಲ್ಲಿ ಅಂಕಿ ಸರಿಯಾಗಿ ಬರುವವರೆಗೆ ಹೊಂದಿಸಿದೆ. ದಿನಾ ಮುಂಜಾನೆ ಏಳರ ಬಾಟಲಿಯಲ್ಲಿ ಒಮ್ಮೆ ಅದ್ದಿ ನೋಡಿ, ಏಳು ಬಂದರೆ ಮೀಟರ್ ಸರಿಯಿದೆ ಎಂದು ಗೌಡರಿಗೆ ಹೇಳಿಕೊಟ್ಟೆ.

ಅಷ್ಟರಲ್ಲಿ ಗೌಡರ ಹೆಂಡತಿ ಬಾಳಮ್ಮನವರು ಆರತಿ ತಟ್ಟೆ ಹಿಡಿದು ಬಂದರು. ಹೊಸ ಸಾಮಾನು, ಹಂಗಾಮಿನ ಮೊದಲ ದಿನ, ಪೂಜೆ ಇಲ್ಲದೆ ಹೇಗೆ? ಮೀಟರಿಗೆ ವಿಭೂತಿ ಬಳಿದರು, ಕುಂಕುಮ ಇಟ್ಟರು. ಗಾಜಿನ ಕಡ್ಡಿಗೂ ಬಳಿಯಲು ಹೋದಾಗ ನಾನು ಹೌಹಾರಿ ತಡೆದೆ. ಆಮೇಲೆ ಅರಿಷಿಣ ಕೊಂಬು ಕಟ್ಟಿದ ಹಳದಿ ದಾರವನ್ನು ಮೀಟರಿನ ಮೈಗೆ ನಾಲ್ಕು ಸುತ್ತು ಬಿಗಿದು, ಉಷ್ಣತೆಯ ಗುಂಡಿಯ ಬುಡಕ್ಕೆ ಗಂಟು ಹಾಕಿದರು.

"ಕಂಕಣ ಕಟ್ಟೇನ್ರಿ ಮಾಸ್ತರ್ರ. ಕಡೀ ಹಣ್ಣು ಶೆಡ್ಡಿನಿಂದ ಇಳಿಯೂತನಕ ಬಿಚ್ಚಬ್ಯಾಡ್ರಿ" ಎಂದರು.

ನಾನು ನಕ್ಕೆ. "ಚಲೋನ ಆತು ಬಿಡ್ರಿ ಬಾಳಮ್ಮಾರ. ಇನ್ನ ಯಾರೂ ಗುಂಡಿಗೆ ಕೈ ಹಚ್ಚೂದಿಲ್ಲ" ಎಂದೆ. ಹಾಗೆ ಎಂದವನೂ ನಾನೇ.

ಆ ಮುಂಜಾನೆ ರೇವವ್ವ ಡ್ರಮ್ಮಿನಲ್ಲಿ ಕೈಯಾಡಿಸಿ "ಸಾಕು" ಎಂದದ್ದಕ್ಕೂ ಮೀಟರ್ ಹನ್ನೊಂದು ತೋರಿಸಿದ್ದಕ್ಕೂ ತಾಳೆಯಾಯಿತು. ಅವಳು ಮೀಟರನ್ನು ನೋಡಿ, ಮಗುವನ್ನು ನೋಡಿದಂತೆ ನಕ್ಕಳು. ನನಗೆ ಪರೀಕ್ಷೆಯ ಕೆಲಸವಿತ್ತು, ಇಂಡಿಗೆ ಮರಳಿದೆ. ಅಂದಿನಿಂದ ಗೌಡರೇ ದಿನಕ್ಕೆ ನಾಲ್ಕು ಸಲ ಕಡ್ಡಿ ಅದ್ದಿ, ಹನ್ನೊಂದಕ್ಕೆ ತಂದು, ಒಂದು ವಹಿಯಲ್ಲಿ ತಾರೀಖು, ವೇಳೆ, ಅಂಕಿ ಬರೆಯತೊಡಗಿದರು.

ಐದನೆಯ ದಿನ ಭಾನುವಾರ. ಮಧ್ಯಾಹ್ನ ಎರಡರ ಸುಮಾರಿಗೆ ನಾನು ಶೆಡ್ಡಿಗೆ ಹೋದಾಗ ಡ್ರಮ್ಮಿನ ಸುತ್ತ ಸಣ್ಣ ಜಗಳ ನಡೆದಿತ್ತು. ತಗಡಿನ ನೆರಳು ಸರಿದು ಡ್ರಮ್ಮಿನ ಮೇಲೆ ಬಿಸಿಲು ಬಿದ್ದಿತ್ತು.

"ಗೌಡ್ರ, ಇನ್ನೊಂದ ಬೊಗಸಿ ಬೇಕ್ರಿ. ನೀರು ಸಪ್ಪಗೈತಿ. ಕೈಗೆ ಜಾರವಲ್ತು" ಎನ್ನುತ್ತಿದ್ದಳು ರೇವವ್ವ.

"ಹನ್ನೊಂದ ತೋರ್ಸಾಕತ್ತೈತಲ್ಲ ಬೇ. ಮ್ಯಾಲ ಹಾಕಿದ್ರ ಮಾಲು ಅಂಟತೈತಿ" ಎಂದರು ಗೌಡರು. ನನ್ನನ್ನು ಕಂಡು, "ಬರ್ರಿ ಮಾಸ್ತರ್ರ, ನೀವ ಹೇಳ್ರಿ" ಎಂದರು.

ನಾನು ಮೀಟರ್ ನೋಡಿದೆ. ಹನ್ನೊಂದು ಪಾಯಿಂಟ್ ಸೊನ್ನೆ. ಗುಂಡಿಯ ಕಡೆ ನೋಡಲೇ ಇಲ್ಲ. ಅಲ್ಲಿ ಅರಿಷಿಣದ ದಾರವಿತ್ತು, ಕಣ್ಣು ಅದರ ಮೇಲೆ ಹಾದು ಹೋಯಿತು. ಬಿಸಿಲಲ್ಲಿ ಬೈಕ್ ಓಡಿಸಿ ಬಂದ ಸಿಟ್ಟೂ ಇತ್ತು.

"ರೇವವ್ವಾ, ಪಾಯಿಂಟ್ ಒಂದು, ಪಾಯಿಂಟ್ ಎರಡು ಅಂದ್ರ ನಿನ್ನ ಬೆರಳಿಗೆ ತಿಳೀತದೇನು? ಹನ್ನೊಂದು ಅದ ಅಂದ್ರ ಅದ. ಸುಮ್ಮನ ಅದ್ದು" ಎಂದೆ.

ಅವಳು ಮತ್ತೊಮ್ಮೆ ಬೆರಳು ತಿಕ್ಕಿ ನೋಡಿಕೊಂಡಳು. ಆಮೇಲೆ "ಆತ್ರಿ" ಎಂದು ಬುಟ್ಟಿ ಎತ್ತಿದಳು. ನಾನಾಡಿದ ಆ ಮಾತನ್ನು ನೆನೆದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ, ನನ್ನ ಬಗ್ಗೆಯೇ.

ಅದ್ದಲು ಶುರುವಾಗಿ ಹದಿನಾರು ದಿನಕ್ಕೆ ಗೌಡರಿಂದ ಕರೆ ಬಂತು. ಕೂಡಲೇ ಬನ್ನಿ ಎಂದಷ್ಟೇ ಹೇಳಿದರು. ಶೆಡ್ಡಿನೊಳಗೆ ಕಾಲಿಟ್ಟಾಗ ಕಂಡದ್ದು ವಿಚಿತ್ರವಾಗಿತ್ತು. ಮೊದಲ ದಿನಗಳ ಹಣ್ಣಿನಲ್ಲಿ ಒಂದು ಬಲೆ ಹಸಿರು ಚಿನ್ನ, ಅದರ ಪಕ್ಕದ್ದು ಕಂದು. ಮತ್ತೊಂದು ಚಿನ್ನ, ಮತ್ತೊಂದು ಕಂದು. ಕಂದಿನ ಬಲೆಗಳಲ್ಲಿ ಹಣ್ಣು ಇನ್ನೂ ಪೂರ್ತಿ ಒಣಗಿರಲಿಲ್ಲ, ಹಿಸುಕಿದರೆ ಮೆತ್ತಗಿತ್ತು.

ಪ್ರತಿ ಬಲೆಗೂ ಗೌಡರು ಚೀಟಿ ಕಟ್ಟಿದ್ದರು. ಚಿನ್ನದವೆಲ್ಲ ಮುಂಜಾನೆ ಅದ್ದಿದವು. ಕಂದಾದವೆಲ್ಲ ಮಧ್ಯಾಹ್ನದವು.

ನನಗೆ ಅಲ್ಲೇ ನಿಂತಲ್ಲೇ ಎಲ್ಲ ತಿಳಿಯಿತು. ಮುಂಜಾನೆ ನೀರು ಇಪ್ಪತ್ತೈದು ಡಿಗ್ರಿ, ಗುಂಡಿ ಇಪ್ಪತ್ತೈದಕ್ಕೆ, ಅಂಕಿ ಸರಿ. ಮಧ್ಯಾಹ್ನ ನೀರು ನಲವತ್ತು ಡಿಗ್ರಿ, ಗುಂಡಿ ಕಂಕಣದ ಕೆಳಗೆ ಇಪ್ಪತ್ತೈದಕ್ಕೇ. ಅಂಕಿ ಉಬ್ಬಿತ್ತು. ಮೀಟರು ಹನ್ನೊಂದು ಎಂದಾಗ ನೀರು ಹತ್ತು ಪಾಯಿಂಟ್ ಎಂಟರಲ್ಲಿತ್ತು. ರೇವವ್ವ ಬೇಡಿದ ಬೊಗಸೆ ಅದೇ ಪಾಯಿಂಟ್ ಎರಡರದು. ದಿನಾ ಮುಂಜಾನೆಯ ತಪಾಸಣೆಯಲ್ಲಿ ಇದು ಸಿಕ್ಕುವಂತಿರಲಿಲ್ಲ. ಏಳರಲ್ಲಿ ಉಷ್ಣತೆಯ ತಪ್ಪು ಕಾಣುವುದೇ ಇಲ್ಲ, ಏಳರಿಂದ ದೂರ ಹೋದಷ್ಟೂ ಬೆಳೆಯುತ್ತದೆ. ನಾನು ಕೊಟ್ಟದ್ದು ಏಳರ ಬಾಟಲಿ ಮಾತ್ರ.

ಕಂದಾದ ಹಣ್ಣನ್ನು ಮತ್ತೆ ಹಸಿರು ಮಾಡುವ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ.

ಗೌಡರು ನನಗಿಂತ ಮೊದಲೇ ಕಾರಣ ಹುಡುಕಿ ಇಟ್ಟಿದ್ದರು. "ನೋಡ್ರಿ ಮಾಸ್ತರ್ರ, ವಹಿ ನೋಡ್ರಿ. ಮುಂಜಾನಿ ಹನ್ನೊಂದು, ಮಧ್ಯಾಹ್ನ ಹನ್ನೊಂದು. ನೀರಾಗ ಏನೂ ಫರಕಿಲ್ಲ. ಅಂದಮ್ಯಾಲ ಕೈಯಾಗಿನ ಫರಕು. ರೇವವ್ವಗ ವಯಸ್ಸಾತು. ಮಧ್ಯಾಹ್ನಕ್ಕ ದಣೀತಾಳ, ಸರಿಯಾಗಿ ಮುಳುಗಸೂದಿಲ್ಲ, ಲಗೂ ಎತ್ತತಾಳ. ಅದಕ್ಕ ಹಿಂಗಾಗೇತಿ."

ರೇವವ್ವ ಅಲ್ಲೇ, ಶೆಡ್ಡಿನ ಕಂಬಕ್ಕೆ ಆನಿಕೊಂಡು ನಿಂತಿದ್ದಳು.

"ಗೌಡ್ರ, ತಪ್ಪು ಆಕೀದಲ್ಲ, ನಂದು" ಎಂದೆ. ಇಡೀ ವಿವರ ಹೇಳಿದೆ. ಗಾಜಿನ ಕಡ್ಡಿ, ವೋಲ್ಟೇಜು, ಉಷ್ಣತೆ, ಏಳು, ಹನ್ನೊಂದು. ಒಂದು ಇಟ್ಟಿಗೆಯ ಚೂರು ಹಿಡಿದು ನೆಲದ ಮೇಲೆ ಗೆರೆ ಎಳೆದು ತೋರಿಸಿದೆ. ಹೆಂಗಸರೆಲ್ಲ ಕೆಲಸ ಬಿಟ್ಟು ನಿಂತು ನೋಡಿದರು. ಗೌಡರು ತಲೆಯಾಡಿಸುತ್ತಲೇ ಇದ್ದರು, ಮುಖದಲ್ಲಿ ಮೊದಲಿಗಿಂತ ಹೆಚ್ಚು ಗೌರವ ಕಾಣುತ್ತಿತ್ತು. ನಾನು ವಿವರಿಸಿದಷ್ಟೂ ಇಷ್ಟೆಲ್ಲ ಬಲ್ಲ ಮಾಸ್ತರರು ಹೇಗೆ ತಪ್ಪುತ್ತಾರೆ ಎಂಬ ಭಾವ ಅವರಲ್ಲಿ ಗಟ್ಟಿಯಾಗುತ್ತಿತ್ತು. ಇದು ಗೊತ್ತಾಗುತ್ತಿದ್ದರೂ ಮಾತು ನಿಲ್ಲಿಸಲು ನನ್ನಿಂದ ಆಗಲಿಲ್ಲ.

ಕಡೆಗೆ, ಮಾತು ಬೇಡ, ಪ್ರಯೋಗ ಮಾಡಿಯೇ ತೋರಿಸುತ್ತೇನೆ ಎಂದೆ. ಡ್ರಮ್ಮಿನಲ್ಲಿ ಅವತ್ತಿನ ನೀರು ಇತ್ತು, ಥರ್ಮಾಮೀಟರ್ ನಲವತ್ತೊಂದು ತೋರಿಸಿತು. ಮೀಟರಿನ ಕಡ್ಡಿ ಅದ್ದಿದೆ: ಹನ್ನೊಂದು. ಜೇಬಿನಿಂದ ಚಾಕು ತೆಗೆದು ಕಂಕಣ ಕತ್ತರಿಸಿದೆ.

"ಅಯ್ಯಯ್ಯ, ಇನ್ನಾ ಅರ್ಧಾ ತ್ವಾಟ ಐತ್ರಿ!" ಎಂದು ಬಾಳಮ್ಮನವರು ಎದೆಗೆ ಕೈ ಹಚ್ಚಿಕೊಂಡರು.

ನಾನು ಕೇಳದವನಂತೆ ಗುಂಡಿಯನ್ನು ನಲವತ್ತೊಂದಕ್ಕೆ ತಿರುಗಿಸಿದೆ. ಅಂಕಿ ಇಳಿಯಿತು. ಹತ್ತು ಪಾಯಿಂಟ್ ಎಂಟಕ್ಕೆ ಬಂದು ನಿಂತಿತು.

"ನೋಡ್ರಿ! ನೀರು ಅದೇ, ಮೀಟರು ಅದೇ. ಇದು ಖರೇ ಅಂಕಿ. ರೇವವ್ವ ಹೇಳಿದ್ದು ಇದನ್ನ" ಎಂದು ಕೂಗಿದೆ. ಗೆದ್ದೆ ಎಂದುಕೊಂಡೆ.

ಗೌಡರು ಮೀಟರನ್ನು ನೋಡಿದರು, ನನ್ನನ್ನು ನೋಡಿದರು. "ನೀವು ಗುಂಡಿ ತಿರುವಿದ್ರಿ, ಅದು ಇಳೀತು. ಇನ್ನಷ್ಟು ತಿರುವಿದ್ರ ಇನ್ನಷ್ಟು ಇಳೀತೈತಿ, ಹೌದಲ್ರಿ?"

"ಹೌದು, ಆದ್ರ..."

"ಮತ್ತ ಅದೇನು ಸಾಕ್ಷಿ ಆತ್ರಿ? ದಿನಾ ಮುಂಜಾನಿ ಏಳರ ಬಾಟ್ಲ್ಯಾಗ ಏಳ ತೋರಿಸೇತಿ ಅದು. ನೀವ ಹೇಳೀರಿ, ಏಳ ಬಂದ್ರ ಮೀಟರ್ ಬರೋಬರಿ ಐತಿ ಅಂತ." ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ನಸುನಕ್ಕು ದನಿ ತಗ್ಗಿಸಿದರು. "ಬಡವಿ ಅಂತ ಆಕಿ ಸಲುವಾಗಿ ನಿಮ್ಮ ತಲೀಮ್ಯಾಲ ಹಾಕ್ಕೊಳ್ಳಾಕತ್ತೀರಿ. ನೀವು ದೊಡ್ಡ ಮನಸ್ಸಿನವ್ರು ಮಾಸ್ತರ್ರ. ಆಕೀನ್ನ ನಾ ಬಿಡಸೂದಿಲ್ಲ, ಚಿಂತಿ ಮಾಡಬ್ಯಾಡ್ರಿ. ತೊಟ್ಟು ಬಿಡಸೂ ಕಡೆ ಕೂಡ್ರಸ್ತೇನಿ."

ನಾನು ರೇವವ್ವನ ಕಡೆ ತಿರುಗಿದೆ. "ನೀ ಹೇಳ ರೇವವ್ವಾ. ಅವತ್ತ ನಿನ್ನ ಕೈಗೆ ಏನನಿಸ್ತು? ಜಾರತಿರಲಿಲ್ಲ ಹೌದಿಲ್ಲೋ?"

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ಏನ ಹೇಳ್ಲೆರಿ ಮಾಸ್ತರ್ರ. ನನಗ ಜಾರವಲ್ತು ಅನಿಸ್ತು. ಮಷೀನು ಹನ್ನೊಂದ ಅಂತು. ಮಷೀನು ಸುಳ್ಳ ಹೇಳತೈತೇನ್ರಿ?"

ನಾನು ಕಾಲೇಜಿನಲ್ಲಿ ಗೌಡರಿಗೆ ಹೇಳಿದ ಮಾತು ಇವಳವರೆಗೂ ಬಂದು ಮುಟ್ಟಿತ್ತು.

ಉಳಿದರ್ಧ ತೋಟದ ಹಣ್ಣಿಗೆ ಗೌಸಬಿ ಎಂಬ ಹೊಸ ಹೆಂಗಸು ಡ್ರಮ್ಮಿಗೆ ಬಂದಳು. ಗಟ್ಟಿಮುಟ್ಟಿ, ಮೂವತ್ತರ ವಯಸ್ಸು. ಅಷ್ಟಾದರೂ ನನ್ನಿಂದ ಸರಿಯಾಗಲಿ ಎಂದು ನಾನು ಮಧ್ಯಾಹ್ನದ ಪರೀಕ್ಷೆಯ ಕೆಲಸವನ್ನು ಬೇರೆಯವರಿಗೆ ವಹಿಸಿ ಶೆಡ್ಡಿಗೆ ಓಡುತ್ತಿದ್ದೆ. ಪ್ರತಿ ಸಲವೂ ಥರ್ಮಾಮೀಟರ್ ನೋಡಿ ಗುಂಡಿ ತಿರುಗಿಸಿ ಅಳೆದೆ. ಅಂಕಿ ಕಡಿಮೆ ಬಂದಾಗ ಪುಡಿ ಹಾಕಿಸಿದೆ. ಗೌಡರು ಬೇಡವೆನ್ನಲಿಲ್ಲ, ಮಾಸ್ತರರು ಹೇಳಿದ ಮೇಲೆ ಮುಗಿಯಿತು. ಹದಿನೈದು ದಿನದ ಮೇಲೆ ಮುಂಜಾನೆಯದೂ ಮಧ್ಯಾಹ್ನದ್ದೂ ಎಲ್ಲ ಬಲೆ ಒಂದೇ ಬಣ್ಣಕ್ಕೆ ಬಂದವು. ಅಂಥ ಮಾಲು ಆ ವರ್ಷ ಸುತ್ತಮುತ್ತ ಎಲ್ಲೂ ಇರಲಿಲ್ಲ.

"ನೋಡಿದ್ರ್ಯಾ?" ಎಂದರು ಗೌಡರು. "ಕೈ ಬದಲಾತು, ಬಣ್ಣಾ ಬದಲಾತು."

ನಾನು ಮೀಟರನ್ನು ಸರಿಯಾಗಿ ಬಳಸಿದಷ್ಟೂ ರೇವವ್ವನ ಮೇಲಿನ ತಪ್ಪು ಭದ್ರವಾಗುತ್ತ ಹೋಗಿತ್ತು. ಬೇಕೆಂದೇ ತಪ್ಪಾಗಿ ಅಳೆದಿದ್ದರೆ ಗೌಸಬಿಯ ಮಾಲೂ ಕಂದಾಗುತ್ತಿತ್ತು, ಆಗ ಇವರಿಗೆ ತಿಳಿಯುತ್ತಿತ್ತು. ಹಾಗೆ ಮಾಡಲು ನನಗೆ ಧೈರ್ಯವೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ತೊಟ್ಟು ಬಿಡಿಸುವ ಹೆಂಗಸರ ಸಾಲಿನಲ್ಲಿ ರೇವವ್ವ ಕೂತಿದ್ದಳು. ಪಕ್ಕದ ತೋಟದ ಬೈಕು ಈಗ ಗೌಸಬಿಯನ್ನು ಕರೆಯಲು ಬರುತ್ತಿತ್ತು.

ಮನೆಯಲ್ಲಿ ನನ್ನ ಊಟ ಸೇರದ್ದನ್ನು ತಾಯಿ ಗಮನಿಸಿದಳು. ಕೇಳಿದಳು, ಹೇಳಿದೆ. ಪಿಎಚ್ಚು ಗಿಎಚ್ಚು ಅವಳಿಗೆ ತಿಳಿಯಲಿಲ್ಲ, ಉಳಿದದ್ದು ತಿಳಿಯಿತು.

"ಗೌಡರು ನಂಬಲಿಲ್ಲ ಅಂದ್ರ ಬಿಡು. ಆಕೀಗರ ತಿಳೀಬೇಕಲ್ಲ. ಆಕಿ ಮನೀಗೆ ಹೋಗಿ ಒಬ್ಬಾಕೀಗೇ ಹೇಳು. ನಾಕ ಮಂದಿ ಮುಂದ ಹೇಳಿದ್ದು ಬ್ಯಾರೆ" ಎಂದಳು.

ಮರುದಿನ ಮುಂಜಾನೆ ಹೋದೆ. ಊರ ಅಂಚಿನಲ್ಲಿ ಎರಡು ಕೋಣೆಯ ಮನೆ. ರೇವವ್ವನ ಮಗಳು ಸುವರ್ಣಾ ಬಾಣಂತನಕ್ಕೆ ಬಂದಿದ್ದಳು. ನಾನು ಹೋದಾಗ ರೇವವ್ವ ಅಂಗಳದ ಬಚ್ಚಲಲ್ಲಿ ಕಾಲು ಚಾಚಿ ಕೂತು, ಎರಡು ತಿಂಗಳ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಮಗ್ಗುಲಲ್ಲಿ ಹಂಡೆ, ಬಕೀಟು. ಕೂಸಿನ ಮೈತುಂಬ ಎಣ್ಣೆ.

"ಬರ್ರಿ ಮಾಸ್ತರ್ರ. ಕುಂಡ್ರರಿ, ಇದಕ್ಕ ನೀರೊಂದು ಹಾಕಿ ಬರ್ತೇನಿ" ಎಂದಳು. ಆಮೇಲೆ ಒಳಗೆ ತಿರುಗಿ, "ಸುವರ್ಣಾ, ನೀರ ನೋಡ ಬಾ ಇಲ್ಲೆ" ಎಂದು ಕೂಗಿದಳು.

ತಲೆಗೆ ಬಟ್ಟೆ ಕಟ್ಟಿಕೊಂಡಿದ್ದ ಮಗಳು ಬೇಸರದಿಂದ ಹೊರಗೆ ಬಂದಳು. "ಯವ್ವಾ, ಎಷ್ಟ ಸಲ ನೋಡ್ಲಿ? ಈಗರ ನೋಡಿ ಹೋದ್ನೆಲ್ಲ." ಬಕೀಟಿನಲ್ಲಿ ಕೈ ಅದ್ದಿ, "ಬರೋಬರಿ ಐತಿ, ಹಾಕು" ಎಂದು ಹೇಳಿ, ನನ್ನ ಕಡೆ ನೋಡಿದಳು. "ಓಣ್ಯಾಗಿನ ಕೂಸಿಗೆಲ್ಲ ಇಕೀನ ಎರೀತಿದ್ಲರಿ. ಈಗ ಹದಿನೈದ ದಿನದಿಂದ ಹಿಂಗ ಮಾಡಾಕತ್ತಾಳ. ನೀರಿಗೆ ಕೈ ಇಟ್ಟು, ನನಗ ತಿಳೀವಲ್ತು, ನೀ ನೋಡು ಅಂತಾಳ."

ಮಗಳು ಒಳಗೆ ಹೋದಳು. ರೇವವ್ವ ನೀರಿಗೆ ಕೈ ಹಚ್ಚಿ, ಎತ್ತಿ, ಮತ್ತೆ ಹಚ್ಚಿದಳು. ಚೊಂಬು ತುಂಬಿಕೊಂಡಳು, ಹಾಕಲಿಲ್ಲ.

"ನನ್ನ ಕೈ ಹೋಗೇತ್ರಿ ಮಾಸ್ತರ್ರ" ಎಂದಳು. ಅಳಲಿಲ್ಲ, ದೂರಲಿಲ್ಲ. "ಸುಟ್ಟಗಿಟ್ಟೀತು ಅಂತ ಅಂಜಿಕಿ. ಹಸಿ ಕೂಸ ನೋಡ್ರಿ. ನಿಮ್ಮ ಮಷೀನು ನೀರಿನ ಬಿಸೀನೂ ಹೇಳತೈತೇನ್ರಿ?"

ಇನ್ನೂ ಸರಳವಾಗಿ ಹೇಳಲು ನನಗೆ ಬರುತ್ತಿರಲಿಲ್ಲ.

"ಇಲ್ಲ ರೇವವ್ವಾ. ಅದಕ್ಕ ಬಿಸಿ ಅಂದ್ರೇನು ತಿಳಿಯೂದೇ ಇಲ್ಲ. ಎಷ್ಟು ಬಿಸಿ ಅದ ಅಂತ ನಾವ ಅದಕ್ಕ ಹೇಳಬೇಕು. ನಾ ಹೇಳಲಿಲ್ಲ. ಅದಕ್ಕ ಆ ಮಾಲು ಕೆಟ್ಟಿತು. ನಿನ್ನ ಕೈ ಖರೇ ಹೇಳಿತ್ತು. ದೇವರಾಣಿ, ಖರೇ ಹೇಳಿತ್ತು."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಒಂದು ಗಳಿಗೆ ನಂಬಿದಳು ಎಂದುಕೊಂಡೆ. ಆಮೇಲೆ ಅವಳ ಮುಖದಲ್ಲಿ ನಗು ಬಂತು. ಶೆಡ್ಡಿನಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟಾಗ ಗೌಡರು ನಕ್ಕ ನಗುವೇ ಅದು.

"ಇಷ್ಟ ಹೇಳಾಕ ಇಲ್ಲೀತನಕ ಬಂದ್ರ್ಯಾ? ನೀವು ಭಾಳ ಚಲೋ ಮಂದಿ ಅದೀರಿ ಮಾಸ್ತರ್ರ" ಎಂದಳು.

ಬರಿಮೈಯ ಕೂಸು ಕುಂಯ್‌ಗುಟ್ಟತೊಡಗಿತು. ಅವಳು ಚೊಂಬಿನ ನೀರನ್ನು ಬಕೀಟಿಗೆ ಮರಳಿ ಸುರಿದು ಒಳಗೆ ತಿರುಗಿದಳು.

"ಸುವರ್ಣಾ, ನೀರ ಆರಿರಬೇಕು, ಇನ್ನೊಮ್ಮಿ ನೋಡ ಬಾ."